ಮಗಳಿಗೊಂದು ಪತ್ರ: ಆ ಮುಕ್ಕಾಲು ಗಂಟೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ಆದ ಮಾತನ್ನು ಮತ್ತೆ ಬರೆಯುವುದಿಲ್ಲ. ನೀನು ಕಟ್ ಮಾಡಿದ್ದು ಸರಿ. ನೀನೂ ಇಂಥದ್ದೇನಾದರೂ ತಗೊಂಡಿದ್ದೀಯಾ ಅಂತ ನಾನು ಕೇಳಿದ ಪ್ರಶ್ನೆಯೂ ಸರಿಯೇ. ಕೇಳಿದ ಧಾಟಿಗೆ ಬೇಕಾದರೆ ಬೈದುಕೋ.

ನಿನ್ನ ಗೆಳತಿಯ ಅಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಕುಡಿದು, ಅದರ ಮೇಲೆ ನಿದ್ದೆ ಮಾತ್ರೆ ನುಂಗಿ ಎಚ್ಚರ ತಪ್ಪಿದ್ದ ಅವಳನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದಾರಂತೆ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಪತ್ರ ನಿನ್ನ ಹಾಸ್ಟೆಲಿನಲ್ಲಿ ಯಾರ ಕೈಗಾದರೂ ಸಿಗಬಹುದು. ಆಂಬುಲೆನ್ಸ್ ಕರೆಸಿದ್ದು ನೀನು ಅಂತ ಅವರಿಂದಲೇ ಗೊತ್ತಾಯಿತು. ಉಳಿದವರೆಲ್ಲ ಬೇಡ ಬೇಡ ಅನ್ನುತ್ತಿದ್ದಾಗ ಹೊರಗೆ ಹೋಗಿ ಫೋನ್ ಮಾಡಿದೆಯಂತೆ. ಇದನ್ನು ನನಗೆ ಯಾಕೆ ಹೇಳಲಿಲ್ಲ? ಅಪ್ಪನಿಗೆ ನಾನು ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ನಿನ್ನ ಗೆಳತಿಯ ಅಮ್ಮ ಇನ್ನೊಂದು ಮಾತೂ ಹೇಳಿದರು. ಅವಳು ಎಚ್ಚರ ತಪ್ಪಿದ ಮೇಲೆ ನೀವೆಲ್ಲ ಮುಕ್ಕಾಲು ಗಂಟೆ ಕಾದಿರಂತೆ. ನನಗೆ ಅಲ್ಲಿಂದ ಮುಂದೆ ಹೋಗಲು ಆಗುತ್ತಿಲ್ಲ.

ಅಷ್ಟು ಹೊತ್ತು ಏನು ಮಾಡಿದಿರಿ? ಮುಖಕ್ಕೆ ನೀರು ಚಿಮುಕಿಸಿದಿರಿ, ಎಬ್ಬಿಸಿ ನಡೆಸಲು ನೋಡಿದಿರಿ. ನಿದ್ದೆ ಮಾಡಿದರೆ ಇಳಿಯುತ್ತೆ ಅಂತ ಯಾರೋ ಅಂದರಂತೆ. ಕುಡಿದವರ ಬಗ್ಗೆ ಎಲ್ಲರೂ ಹೇಳುವ ಮಾತೇ ಅದು. ಆದರೆ ಲೋಟ ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ ಪುಟ್ಟಿ. ಮಲಗಿದ ಮೇಲೆ ಅಮಲು ಇನ್ನೂ ಏರಬಹುದು. ಅವಳು ಅದರ ಮೇಲೆ ನಿದ್ದೆ ಮಾತ್ರೆಯನ್ನೂ ತಗೊಂಡಿದ್ದಳು. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ತಣ್ಣೀರು, ಕಾಫಿ, ನಡೆದಾಡಿಸುವುದು, ಇವು ಯಾವುದರಿಂದಲೂ ರಕ್ತದಲ್ಲಿ ಇರುವುದು ಕಡಿಮೆಯಾಗುವುದಿಲ್ಲ. ಲಿವರ್‌ಗೆ ಅವಸರ ಮಾಡಿಸಲು ಆಗಲ್ಲ.

ಗೊರಕೆ ಹೊಡೆಯುತ್ತಿದ್ದಳು, ಅದಕ್ಕೇ ಪರವಾಗಿಲ್ಲ ಅಂದುಕೊಂಡೆವು ಅಂತ ನಿಮ್ಮಲ್ಲಿ ಒಬ್ಬಳು ಹೇಳಿದಳಂತೆ. ಇದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಎಬ್ಬಿಸಿದರೂ ಏಳದವರು ಗೊರಗೊರ ಅನ್ನುತ್ತಿದ್ದರೆ ಅದು ಒಳ್ಳೆಯ ನಿದ್ದೆಯಲ್ಲ. ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ ಅಂತ ಅರ್ಥ. ತುಟಿ ನೀಲಿಯಾಗುವುದು, ಮೈ ತಣ್ಣಗಾಗುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರ, ಇವುಗಳಲ್ಲಿ ಯಾವ ಒಂದನ್ನು ಕಂಡರೂ ಕಾಯಬಾರದು. ರಾತ್ರಿ ಗಡಿಯಾರ ನೋಡುತ್ತಾ ನಾನೇ ಹತ್ತು ಸೆಕೆಂಡು ಉಸಿರು ಹಿಡಿದು ನೋಡಿದೆ. ಸುಮ್ನೆ ಕೂತು ಎಣಿಸುವಾಗ ಅದು ಬಹಳ ಉದ್ದ. ಆ ರೂಮಿನಲ್ಲಿ ಯಾರಾದರೂ ಎಣಿಸಿದಿರಾ ಅನ್ನುವುದೇ ನನ್ನ ತಲೆಯಲ್ಲಿ ಸುತ್ತುತ್ತಿದೆ.

ಪಾಠ ಶುರುವಾಯಿತು ಅನ್ನುತ್ತೀಯ. ಹೌದು, ಶುರುವಾಯಿತು. ಎಚ್ಚರ ಇಲ್ಲದವರನ್ನು ಅಂಗಾತ ಮಲಗಿಸಬೇಡ, ವಾಂತಿ ಬಂದರೆ ಉಸಿರು ಕಟ್ಟುತ್ತದೆ. ಪಕ್ಕಕ್ಕೆ ಹೊರಳಿಸು. ಮೇಲಿನ ಕಾಲನ್ನು ಮಡಚಿ ಮುಂದಕ್ಕೆ ಇಡು, ಬಾಯಿ ಕೆಳಮುಖವಾಗಿರಲಿ. ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಏನು ತಗೊಂಡಿದ್ದಾರೆ ಅಂತ ಡಾಕ್ಟರಿಗೆ ಮುಚ್ಚಿಡಬೇಡ, ಮಾತ್ರೆಯ ಖಾಲಿ ಹಾಳೆ ಸಿಕ್ಕಿದರೆ ಅದನ್ನೂ ಕೊಡು. ಅಫೀಮಿನ ಜಾತಿಯ ಔಷಧಿಯಾದರೆ ನಲೋಕ್ಸೋನ್ ಅನ್ನುವ ಮದ್ದು ಕೊಟ್ಟು ಉಸಿರು ವಾಪಸ್ ತರಬಹುದು. ಮದ್ಯಕ್ಕೆ ಅದು ಕೆಲಸ ಮಾಡುವುದಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಅವರು ಕತ್ತಲಲ್ಲಿ ಹುಡುಕಬೇಕಾಗುತ್ತದೆ.

ಯಾಕೆ ಕಾದಿರಿ ಅಂತ ನಾನು ಕೇಳಬೇಕಾಗಿಲ್ಲ, ಗೊತ್ತಿದೆ. ವಾರ್ಡನ್‌ಗೆ ಗೊತ್ತಾದರೆ, ಮನೆಗೆ ಗೊತ್ತಾದರೆ ಅಂತ. ಮಾದಕ ವಸ್ತುವಿನ ಬಗ್ಗೆ ದೊಡ್ಡವರು ಹೇಳುವುದೆಲ್ಲ ಹೆದರಿಸುವ ಮಾತೇ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳನ್ನು ಮಾದಕ ವಸ್ತುವಿನಿಂದ ದೂರ ಇಡಲು ಡೇರ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಅಮೆರಿಕದ ಶಾಲೆಗಳ ತುಂಬಾ ಅದು ಹರಡಿತು. ಆಮೇಲೆ ಅಧ್ಯಯನ ಮಾಡಿ ನೋಡಿದರೆ, ಮಾದಕ ವಸ್ತು ಬಳಸುವುದರಲ್ಲಿ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಹೆದರಿದ ಮಕ್ಕಳು ಮೊದಲು ಕಲಿಯುವುದು ಬಚ್ಚಿಡುವುದನ್ನು.

ಅದಕ್ಕೆ ನಾನು, ಅಪ್ಪ ಕೂತು ಒಂದು ತೀರ್ಮಾನ ಮಾಡಿದ್ದೇವೆ. ಎಷ್ಟು ಹೊತ್ತಿಗಾದರೂ, ಎಲ್ಲಿಂದಾದರೂ, ಯಾರ ಜೊತೆ ಇದ್ದರೂ ಫೋನ್ ಮಾಡು. ಬಂದು ಕರೆದುಕೊಂಡು ಹೋಗುತ್ತೇವೆ. ಬರಲಾಗದಷ್ಟು ದೂರವಿದ್ದರೆ ಬೇರೆ ಯಾರನ್ನಾದರೂ ಕಳಿಸುತ್ತೇವೆ. ಆ ರಾತ್ರಿ ಪ್ರಶ್ನೆ ಇರುವುದಿಲ್ಲ. ಬೆಳಗ್ಗೆ ಇರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. ಎಲ್ಲರ ಎದುರು ಮಾತಾಡಲು ಆಗದಿದ್ದರೆ ಮೆಸೇಜಿನಲ್ಲಿ ಸುಮ್ನೆ ಒಂದು ಚುಕ್ಕೆ ಕಳಿಸು. ನಾನೇ ಫೋನ್ ಮಾಡಿ, ಅಪ್ಪನಿಗೆ ಹುಷಾರಿಲ್ಲ, ಕೂಡಲೇ ಹೊರಡು ಅನ್ನುತ್ತೇನೆ. ಹುಷಾರಿಲ್ಲದವರಾಗಲು ಅಪ್ಪ ಒಪ್ಪಿದ್ದಾರೆ.

ನೀನು ತಗೊಂಡಿದ್ದೀಯಾ ಅನ್ನುವುದಕ್ಕೆ ಈಗಲೂ ಉತ್ತರ ಬಂದಿಲ್ಲ. ಇಲ್ಲ ಅಂದರೆ ನಂಬುತ್ತೇನೆ. ಹೌದು ಅಂದರೂ ನೀನು ನನ್ನ ಮಗಳೇ. ಆದರೆ ಹೇಳು. ನಿನ್ನ ಗೆಳತಿಗೆ ಈ ಚಟ ಮಜಾ ಮಾಡಲು ಹೋಗಿ ಅಂಟಿದ್ದಲ್ಲ, ಪರೀಕ್ಷೆ ಸಮಯದಲ್ಲಿ ನಿದ್ದೆ ಬರುತ್ತಿಲ್ಲ ಅಂತ ತಗೊಂಡ ಮಾತ್ರೆಯಿಂದ ಅಂತ ಅವಳ ಅಮ್ಮ ಅತ್ತರು. ನಿನಗೂ ನಿದ್ದೆ ಬರದ ರಾತ್ರಿಗಳಿವೆ ಅಂತ ನನಗೆ ಗೊತ್ತು. ಪಕ್ಕದ ಮಂಚದವಳು ಕೊಟ್ಟ ಮಾತ್ರೆ ನುಂಗಬೇಡ, ಒಂದೇ ಸಲ ಅಂದರೂ ಬೇಡ. ದಿನಾ ತಗೊಳ್ಳುವವರು ಆ ಮಾತ್ರೆಯನ್ನು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಉಸ್ತುವಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಅವಳು ಛಲಕ್ಕೆ ಬಿದ್ದು ಎಲ್ಲ ಬಿಸಾಡುತ್ತೇನೆ ಅಂದರೆ ಇದನ್ನು ಅವಳಿಗೆ ಹೇಳು.

ಮತ್ತೆ, ಅವಳನ್ನು ಬಿಡಬೇಡ. ಅವಳ ಅಮ್ಮ ಮಗಳ ಬಾಳೇ ಹಾಳಾಯಿತು ಅನ್ನುತ್ತಿದ್ದರು. ನಾನು ಹವಾಯಿಯ ಕವಾಯಿ ದ್ವೀಪದ ಮಕ್ಕಳ ಕಥೆ ಹೇಳಿದೆ. 1955ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಹೆತ್ತವರ ಕುಡಿತದಂಥ ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದು ನಿಂತರು. ಅಂಥವರಿಗೆ ಹೆಚ್ಚಾಗಿ ನೆಚ್ಚಿಕೊಳ್ಳಲು ಒಬ್ಬರಾದರೂ ದೊಡ್ಡವರು ಇದ್ದರು. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ಅವಳಿಗೆ ಅಮ್ಮ ಇದ್ದಾರೆ, ಬೇಕಾದರೆ ನಾನೂ ಇದ್ದೇನೆ. ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಗುಂಪಿನವರು ಅವಳನ್ನು ಕಂಡು ಬೇರೆ ಕಡೆ ನೋಡಿದರೆ ನೀನು ನೋಡಬೇಡ. ಆದರೆ ಅವಳ ಗುಟ್ಟನ್ನು ಮತ್ತೆ ಒಬ್ಬಳೇ ಹೊರಬೇಡ. ವರ್ಷವಿಡೀ ಹೊತ್ತು ಹೇಗಾಗಿದ್ದೀಯ ಅಂತ ರಜೆಗೆ ಬಂದಾಗಲೇ ನೋಡಿದ್ದೇನೆ. ಓದಿನ ಒತ್ತಡ ಅಂದುಕೊಂಡಿದ್ದೆ.

ಇನ್ನು ನಿನ್ನ ತಮ್ಮ. ಅವನಿಗೀಗ ಹದಿಮೂರು. ಯೋಚಿಸಿ ಬೇಡ ಅನ್ನುವ ಮಿದುಳಿನ ಮುಂಭಾಗ ಬಲಿಯಲು 25ರ ಹತ್ತಿರ ಆಗಬೇಕಂತೆ, ಇನ್ನೂ ಎಷ್ಟು ವರ್ಷ ಇದೆ ನೋಡು. ಅಲ್ಲಿಯವರೆಗೆ ಕಾಪಾಡಿಕೊಳ್ಳಲು ದಾರಿಯೇ ಇಲ್ಲ ಅಂತಲ್ಲ. ಐಸ್‌ಲ್ಯಾಂಡಿನಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು 1998ರಲ್ಲಿ ನೂರಕ್ಕೆ 42 ಮಂದಿ. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಮಕ್ಕಳಿಗೆ ಆಟ, ಸಂಗೀತಕ್ಕೆ ಸರ್ಕಾರವೇ ದುಡ್ಡು ಕೊಟ್ಟಿತು, ಹೆತ್ತವರು ಒಬ್ಬರಿಗೊಬ್ಬರು ಮಾತು ಕೊಟ್ಟು ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆದರು. 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ದೊಡ್ಡವರಿಲ್ಲದೆ ಹೊರಗಿರಬಾರದು ಅನ್ನುವ ಕಾನೂನೂ ಇದೆ. ನಾಲ್ಕು ಲಕ್ಷ ಜನರೂ ಇಲ್ಲದ ದೇಶ, ಅಲ್ಲಿ ಆದದ್ದು ಎಲ್ಲ ಕಡೆ ಆಗುತ್ತಾ ಅಂತ ನೀನು ವಾದ ಮಾಡುತ್ತೀಯ. ಮಾಡು. ಅಪ್ಪನಿಗೆ ಮಾತ್ರ ಆ ಹತ್ತು ಗಂಟೆಯ ಕಾನೂನು ವಿಪರೀತ ಇಷ್ಟವಾಗಿದೆ.

ಅಕ್ಕನಿಗೆ ಏನಾಯಿತು ಅಂತ ಅವನು ಕೇಳುತ್ತಲೇ ಇದ್ದಾನೆ. ನಾನು ಹೇಳಿದರೆ ಭಾಷಣ ಆಗುತ್ತೆ, ಈ ಪತ್ರದಲ್ಲೇ ಗೊತ್ತಾಗುತ್ತಿದೆ ಅಲ್ವಾ. ಅವನು ನಿನ್ನ ಮಾತು ಕೇಳುತ್ತಾನೆ. ಎಷ್ಟು ಹೇಳಬೇಕು ಅನ್ನುವುದನ್ನು ನೀನೇ ತೀರ್ಮಾನ ಮಾಡು. ಶನಿವಾರ ಸಂಜೆ ಅವನ ಕೈಯಿಂದಲೇ ಫೋನ್ ಮಾಡಿಸುತ್ತೇನೆ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದಿಲ್ಲ.

ಅಮ್ಮ