ಕೆಮ್ಮಿದರೆ ಸೋರುತ್ತೆ ಅಂತ ಯಾರಿಗೆ ಹೇಳೋದು?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟವನ್ನು ತಪ್ಪದೆ ಓದುವವಳು ನಾನು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಕೂದಲು ಉದುರುವುದು ಎಲ್ಲವೂ ಅಲ್ಲಿ ಸರದಿಯ ಮೇಲೆ ಬರುತ್ತವೆ. ಮೂತ್ರ ಹಿಡಿಯಲಾಗದೆ ಸೋರುವ ತೊಂದರೆಯ ಬಗ್ಗೆ ಮಾತ್ರ ಓದಿದ ನೆನಪಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬೆನ್ನುನೋವು ಅಂತ ಚೀಟಿ ಮಾಡಿಸಿ ಬಂದ ಹೆಂಗಸರು, ಡಾಕ್ಟರ್ ಎದ್ದು ಹೋದ ಮೇಲೆ ನಮ್ಮನ್ನು ಬದಿಗೆ ಕರೆದು, "ಸಿಸ್ಟರ್, ಕೆಮ್ಮಿದ್ರೆ ಒಂದಕ್ಕೆ ಆಗೋಗುತ್ತೆ" ಅನ್ನುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಅವರೇ, "ಹೆತ್ತ ಮೈ, ವಯಸ್ಸೂ ಆಯ್ತು, ಇದೆಲ್ಲ ಇರೋದೇ ಅಲ್ವಾ" ಅಂತ ಸಮಾಧಾನವನ್ನೂ ಹೇಳಿಕೊಳ್ಳುತ್ತಿದ್ದರು.

ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆ. ವಯಸ್ಸಾದಂತೆ ಈ ತೊಂದರೆ ಜಾಸ್ತಿ ಆಗುವುದು ನಿಜ. ಹಾಗಂತ ವಯಸ್ಸಾದವರಿಗೆಲ್ಲ ಇದು ಬಂದೇ ಬರಬೇಕು ಅಂತಿಲ್ಲ. ಬಂದರೂ ಚಿಕಿತ್ಸೆ ಇದೆ. ಬಹಳ ಜನಕ್ಕೆ ಆಪರೇಷನ್ ಬೇಕಾಗುವುದೇ ಇಲ್ಲ.

ಹೆಂಗಸರು ಮೊದಲು ಮಾಡುವ ಉಪಾಯ ನೀರು ಕುಡಿಯುವುದನ್ನೇ ಬಿಡುವುದು. ಬೆಂಗಳೂರು ಬಸ್ಸು ಹತ್ತಬೇಕಾದರೆ ಬೆಳಿಗ್ಗೆಯಿಂದಲೇ ಗುಟುಕು ನೀರಿಲ್ಲ. ಕಾಫಿ ಹಣ್ಣು ಕುಯ್ಯುವ ದಿನಗಳಲ್ಲಂತೂ ತೋಟದಲ್ಲಿ ಸಂಜೆವರೆಗೂ ಹಾಗೇ ಇರುತ್ತಾರೆ. ಸೋರುವುದು ಇದರಿಂದ ನಿಲ್ಲುವುದಿಲ್ಲ. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನೂ ಕೆರಳುತ್ತದೆ, ಅವಸರ ಹೆಚ್ಚುತ್ತದೆ. ಉರಿಮೂತ್ರ ಬರುತ್ತದೆ, ಮಲಬದ್ಧತೆ ಆಗುತ್ತದೆ. ತಿಣುಕಿ ತಿಣುಕಿ ಕೆಳಗಿನ ಸ್ನಾಯುಗಳು ಮತ್ತಷ್ಟು ಸಡಿಲವಾಗುತ್ತವೆ. ಬೇರೆ ಕಾಯಿಲೆಗೆ ಡಾಕ್ಟರು ನೀರು ಕಡಿಮೆ ಮಾಡಿ ಅಂದಿಲ್ಲದಿದ್ದರೆ ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯಲೇಬೇಕು. ರಾತ್ರಿ ಏಳುವ ಕಾಟ ಇದ್ದರೆ ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ, ಸಾಕು.

ಸೋರುವುದೆಲ್ಲ ಒಂದೇ ಬಗೆಯದಲ್ಲ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಚೀಲ ಎತ್ತಿದಾಗ ಸೋರಿದರೆ ಅದು ಸ್ನಾಯುಗಳ ಸಡಿಲ. ಹೆರಿಗೆ, ಮುಟ್ಟು ನಿಂತದ್ದು, ಮೈಭಾರ, ಹಳೇ ಕೆಮ್ಮು ಇದಕ್ಕೆಲ್ಲ ಕಾರಣ. ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಅವಸರವಾಗುತ್ತದೆ, ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಆಗಿಹೋಗುತ್ತದೆ. ಅದು ಮೂತ್ರಕೋಶ ತುಂಬುವ ಮುಂಚೆಯೇ ಹಿಂಡಿಕೊಳ್ಳುವ ತೊಂದರೆ. ಎರಡೂ ಕೂಡಿ ಇರುವವರೂ ಬಹಳ. ಮಂಡಿನೋವಿನಿಂದ ಬೇಗ ಎದ್ದು ಹೋಗಲಾಗದೆ ಬಟ್ಟೆಯಲ್ಲೇ ಆಗುವುದೂ ಉಂಟು. ಅಂಥವರ ಮೂತ್ರಕೋಶದಲ್ಲಿ ದೋಷವೇ ಇರುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಪಾಯಿಖಾನೆ ಹಿತ್ತಿಲಲ್ಲಿರುತ್ತದೆ. ಮಳೆಗಾಲದ ರಾತ್ರಿ ಅವಸರದಲ್ಲಿ ಓಡಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ ಇಟ್ಟರೆ ಇದು ತಪ್ಪುತ್ತದೆ, ಅದಕ್ಕೆ ನಾಚಿಕೆ ಯಾಕೆ?

ಮೊದಲ ಎರಡು ಬಗೆಗೂ ಮೊದಲ ಮದ್ದು ವ್ಯಾಯಾಮವೇ. 1948ರಲ್ಲೇ ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಇದರ ಬಗ್ಗೆ ಬರೆದಿದ್ದರು. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಸ್ನಾಯುಗಳಿವೆ. ನಾಲ್ಕು ಜನರ ನಡುವೆ ಹೂಸು ತಡೆಯಲು ಬಿಗಿ ಮಾಡುತ್ತೇವಲ್ಲ, ಅವೇ. (ಅಚ್ಚಾಗಬಾರದ ಮಾತು ಅನ್ನಿಸಿದರೆ ಕ್ಷಮಿಸಿ, ಇದಕ್ಕಿಂತ ಬೇಗ ಅರ್ಥವಾಗುವ ಗುರುತು ನನಗೆ ಸಿಕ್ಕಿಲ್ಲ.) ಅವನ್ನು ಮೇಲಕ್ಕೆ ಎಳೆದು ಬಿಗಿದು, ಐದು ಎಣಿಸಿ, ಸಡಿಲ ಬಿಟ್ಟು, ಮತ್ತೆ ಐದು ಎಣಿಸಬೇಕು. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ. ರೂಢಿಯಾದಂತೆ ಹತ್ತು ಎಣಿಸುವವರೆಗೆ ಹಿಡಿಯಬಹುದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಬೇಡ. ಒಲೆ ಮುಂದೆ ನಿಂತು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ 3 ತಿಂಗಳು ಬಿಡದೆ ಮಾಡಬೇಕು. ವಾರ ಮಾಡಿ, ಇದೆಲ್ಲ ಸುಮ್ನೆ ಅಂತ ಬಿಡುವವರೇ ಜಾಸ್ತಿ.

ಅವಸರದ ತೊಂದರೆ ಇರುವವರು ಮೂತ್ರಕೋಶವನ್ನೂ ಪಳಗಿಸಬೇಕು. ಅವಸರ ಬಂದ ಕೂಡಲೇ ಓಡಬೇಡಿ. ನಿಂತು ಅದೇ ಸ್ನಾಯುಗಳನ್ನು ನಾಲ್ಕೈದು ಸಲ ಬಿಗಿ ಮಾಡಿ. ಒತ್ತಡ ಇಳಿದ ಮೇಲೆ ನಿಧಾನ ಹೋಗಿ. ಗಂಟೆಗೊಮ್ಮೆ ಹೋಗುತ್ತಿದ್ದವರು ಸ್ವಲ್ಪ ದಿನ ಒಂದೂಕಾಲು ಗಂಟೆಗೊಮ್ಮೆ ಹೋಗಲಿ, ಆಮೇಲೆ ಒಂದೂವರೆ ಗಂಟೆಗೊಮ್ಮೆ. ಇದಕ್ಕೆ ಕಡಿಮೆ ಅಂದರೂ 6 ವಾರ ಬೇಕು. ಜೊತೆಗೆ ಕಾಫಿ, ಟೀ ಇಳಿಸಬೇಕು. ಕಾಫಿ ಬೆಳೆಯುವ ಊರಲ್ಲಿ ಕೂತು ಹೀಗೆ ಬರೆದರೆ ಬೈಗುಳ ಗ್ಯಾರಂಟಿ. ಆದರೂ ಕಾಫಿಯಲ್ಲಿರುವ ಕೆಫೀನ್ ಅವಸರ ಹೆಚ್ಚಿಸುತ್ತದೆ, ಏನು ಮಾಡೋದು.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರೆಗಳಿವೆ, ಜಾರಿದ ಗರ್ಭಕೋಶಕ್ಕೆ ಆಸರೆ ಕೊಡುವ ಬಳೆಯಿದೆ, ಆಪರೇಷನ್ನೂ ಇದೆ. ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ವಯಸ್ಸಾದವರಿಗೆ ಗಲಿಬಿಲಿಯೂ ಆಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಕೊಳ್ಳುವ ಮದ್ದಲ್ಲ ಅವು. ಬಿಪಿಗೆ ಕೊಡುವ ನೀರಿಳಿಯುವ ಮಾತ್ರೆಯಿಂದಲೂ ಸೋರುವುದು ಹೆಚ್ಚಬಹುದು. ಹಾಗಂತ ತಾವೇ ಬಿಟ್ಟುಬಿಡಬಾರದು, ಡಾಕ್ಟರಿಗೆ ಹೇಳಬೇಕು.

ಗಂಡಸರಿಗೂ ಇದು ತಪ್ಪಿದ್ದಲ್ಲ. ಪ್ರಾಸ್ಟೇಟ್ ದಪ್ಪವಾಗಿ, ಅಥವಾ ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು, ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಟ್ಟು ತೊಟ್ಟು ಸೋರುತ್ತದೆ. ಅಂಥವರು ವ್ಯಾಯಾಮ ಅಂತ ಕೂರದೆ ಮೊದಲು ಪರೀಕ್ಷೆ ಮಾಡಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ, ನೋವು ಇದ್ದರೆ ತಡ ಮಾಡಬಾರದು. ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿ, ಕೂರುವ ಜಾಗ ಜೋಮು ಹಿಡಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಹೆರಿಗೆ ಅಥವಾ ಗರ್ಭಕೋಶದ ಆಪರೇಷನ್ ಆದ ಮೇಲೆ ಹಗಲು ರಾತ್ರಿ ಸೋರುತ್ತಲೇ ಇದ್ದರೆ ಮೂತ್ರಕೋಶಕ್ಕೆ ತೂತಾಗಿರಬಹುದು. ಅದನ್ನು ಆಪರೇಷನ್ ಮಾಡಿ ಮುಚ್ಚಬಹುದು. ಶಾಪ ಅಂತ ಮೂಲೆಯಲ್ಲಿ ಕೂರಬೇಕಾಗಿಲ್ಲ.

ಹೆಂಗಸರು ತಾವಾಗಿ ಬಾಯಿ ಬಿಡುವುದಿಲ್ಲ. ಅದಕ್ಕೇ ಕೇಳುವ ಕೆಲಸ ನಮ್ಮದಾಗಬೇಕು. ಬಿಪಿ, ಶುಗರ್ ವಿಚಾರಿಸಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು "ಕೆಮ್ಮಿದಾಗ, ಅವಸರದಲ್ಲಿ ಸೋರುತ್ತಾ ಅಕ್ಕ?" ಅಂತ ಒಂದು ಮಾತು ಸೇರಿಸಿ ಕೇಳಲಿ. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಹೋಗುವ ಮುಂಚೆ ನರ್ಸ್ ಈ ವ್ಯಾಯಾಮ ಹೇಳಿಕೊಡಲಿ, ಐದು ನಿಮಿಷದ ಕೆಲಸ. ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನವಾದರೂ ಇದಕ್ಕೆಂದೇ ಮಹಿಳಾ ಫಿಸಿಯೋಥೆರಪಿಸ್ಟ್ ಕೂರಲಿ. ಬಾಗಿಲ ಮೇಲೆ ಮಾತ್ರ ಕಾಯಿಲೆಯ ಹೆಸರು ಬರೆಯಬೇಡಿ, ಒಬ್ಬರೂ ಒಳಗೆ ಬರುವುದಿಲ್ಲ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್
ಮೂಡಿಗೆರೆ