ತೌಡಿನ ಬಗ್ಗೆ ಬರೆಯುವಾಗ ನೀರಿನ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ಎಳೆಮಕ್ಕಳಿಗೆ ಉಣಿಸುವ ಗಂಜಿಗೆ (ಮಣ್ಣಿ) ಒಂದು ಚಮಚ ಅಕ್ಕಿ ತೌಡು ಬೆರೆಸಿ ಎಂಬ ಸಲಹೆಯನ್ನು ನಿಮ್ಮ ಭಾನುವಾರದ ಪುಟದಲ್ಲಿ ಓದಿದೆ. ತೌಡಿನಲ್ಲಿ ನಾರು, ವಿಟಮಿನ್ ಇರುವುದು ನಿಜ. ಆದರೆ ಓದುತ್ತಿದ್ದಂತೆ ನನಗೆ ಬಂಗಾಳದ ಒಂದು ಅಂಗಳ ಕಣ್ಣಮುಂದೆ ಬಂತು.

ಯಜಮಾನರ ಕೆಲಸದ ಮೇಲೆ ನಾವು ಆರು ವರ್ಷ ಉತ್ತರ 24 ಪರಗಣ ಜಿಲ್ಲೆಯ ಬಾರಾಸಾತ್‌ನಲ್ಲಿದ್ದೆವು. ಕುಂದಾಪುರದವರಿಗೆ ಕುಚ್ಚಲಕ್ಕಿ ಬೇಕೇ ಬೇಕು, ಅಲ್ವಾ? ದೇಗಂಗಾ ಕಡೆಯ ಒಬ್ಬ ಅಜ್ಜಿ ಮನೆಯಲ್ಲೇ ಭತ್ತ ಬೇಯಿಸಿ ಅಕ್ಕಿ ಮಾಡಿ ತಂದುಕೊಡುತ್ತಿದ್ದರು. ಮಾಶಿಮಾ ಅನ್ನುತ್ತಿದ್ದೆ. ಒಮ್ಮೆ ಅವರ ಮನೆಗೆ ಹೋದೆ. ರಾತ್ರಿಯಿಡೀ ನೆನೆದ ಭತ್ತ ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ನೀರು ಬಂದದ್ದು ಅಂಗಳದ ಕೈಪಂಪಿನಿಂದ. ಅದರ ಮೂತಿಗೆ, ಕುಡಿಯಬಾರದ ನೀರು ಎಂಬ ಗುರುತಿಗೆ, ಕೆಂಪು ಬಣ್ಣ ಬಳಿದಿದ್ದರು, ಅರ್ಧ ಅಳಿಸಿಹೋಗಿತ್ತು. ಕೇಳಿದರೆ, "ಇದನ್ನು ಕುಡಿಯುವುದಿಲ್ಲಮ್ಮ, ಭತ್ತಕ್ಕೆ ಮಾತ್ರ" ಅಂದರು. ಹಾಗೆ ಹೇಳುತ್ತಾ ಚಾಚಿದ ಅಂಗೈ ತುಂಬ ಗಟ್ಟಿ ಗಟ್ಟಿ ಗಂಟುಗಳಿದ್ದವು. ವರ್ಷಾನುಗಟ್ಟಲೆ ಆರ್ಸೆನಿಕ್ ಎಂಬ ವಿಷ ಸೇರಿದ ನೀರು ಕುಡಿದವರ ಕೈ ಹಾಗಾಗುತ್ತದೆ.

ಪಶ್ಚಿಮ ಬಂಗಾಳದಲ್ಲಿ ಈ ಕಾಯಿಲೆ 1983ರಲ್ಲೇ ಬೆಳಕಿಗೆ ಬಂತು. ಆಮೇಲೆ ಹಲವರು ಕುಡಿಯುವ ನೀರು ಬದಲಿಸಿಕೊಂಡರು. ಗದ್ದೆಗೆ, ಹಂಡೆಗೆ ಮಾತ್ರ ಅದೇ ನೀರು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರುವುದರಿಂದ ಮಣ್ಣಿಗೆ ಗಾಳಿ ಆಡುವುದಿಲ್ಲ. ಆಗ ಮಣ್ಣಿನಲ್ಲಿ ಕಬ್ಬಿಣದ ಜೊತೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡಿಸಿಕೊಂಡು ಬೇರಿಗೆ ಸೇರುತ್ತದೆ. ಕಾಳಿನೊಳಗೆ ಅದು ಜಾಸ್ತಿ ಕೂರುವುದು ಹೊರಪದರದಲ್ಲಿ, ಅಂದರೆ ತೌಡಿನಲ್ಲಿ. ಪಾಲಿಶ್ ಅಕ್ಕಿಗೆ ಹೋಲಿಸಿದರೆ ತೌಡಿನಲ್ಲಿ ಹತ್ತು ಪಟ್ಟಿನಷ್ಟೂ ಸಿಕ್ಕಿದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲೂ ಕಿಲೋ ಪಾಲಿಶ್ ಅಕ್ಕಿಗೆ ಅಜೈವಿಕ ಆರ್ಸೆನಿಕ್‌ನ (ಆರ್ಸೆನಿಕ್‌ನ ಹೆಚ್ಚು ವಿಷಕಾರಿ ರೂಪ) ಮಿತಿ 0.2 ಮಿಲಿಗ್ರಾಂ, ಪಾಲಿಶ್ ಮಾಡದ ಅಕ್ಕಿಗೆ 0.35. ಇದರ ಮೇಲೆ ಭತ್ತವನ್ನೂ ಅಂಥ ನೀರಲ್ಲೇ ಬೇಯಿಸಿದರೆ ಕಾಳು ಆ ನೀರನ್ನೂ ಹೀರಿಕೊಳ್ಳುತ್ತದೆ.

ಕುಚ್ಚಲಕ್ಕಿ ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನೂ ದಿನಾ ಉಣ್ಣುತ್ತೇನೆ. ಎಲ್ಲ ಊರಿನ ನೀರೂ ದೇಗಂಗಾದ ನೀರಲ್ಲ. ಆದರೆ ನಮ್ಮ ಯಾದಗಿರಿಯ ಕಿರದಳ್ಳಿ ತಾಂಡಾದಲ್ಲೂ ಕೊಳವೆಬಾವಿಯ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದು ದಾಖಲಾಗಿದೆ. ಹಾಗಿರುವಾಗ ತೌಡು ಎಲ್ಲಿಯದು ಎಂದು ಕೇಳದೆ ಸುಮ್ನೆ ಎಳೆಮಗುವಿನ ಬಾಯಿಗೆ ಹಾಕಿ ಎಂದು ಬರೆಯುವುದು ಸರಿಯಲ್ಲ.

ಇನ್ನೊಂದು ಮಾತು. ಮಾಶಿಮಾ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಧಾರಾಳ ನೀರಿಟ್ಟು ಬೇಯಿಸಿ, ಬಸಿಯುತ್ತಿದ್ದರು. ನಮ್ಮ ಅಮ್ಮನೂ ಹಾಗೇ. ಒಂದು ಪಾಲು ಅಕ್ಕಿಗೆ ಆರು ಪಾಲು ಒಳ್ಳೆಯ ನೀರು ಹಾಕಿ, ಹೀಗೆ ತೊಳೆದು ಬಸಿದರೆ ಆರ್ಸೆನಿಕ್‌ನಲ್ಲಿ ಶೇ 57ರವರೆಗೆ ಹೋಗುತ್ತದೆಂದು 2006ರ ಒಂದು ಅಧ್ಯಯನ ತೋರಿಸಿದೆ. ಅದರಲ್ಲಿ ಸುಮಾರು ಅರ್ಧ ತೊಳೆದ ನೀರಿನಲ್ಲೇ ಹೋಗಿತ್ತು. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಇಂಗಿಸಿದರೆ ಬೇಯಿಸುವಾಗ ಹೋಗಬೇಕಾದದ್ದು ಅನ್ನದಲ್ಲೇ ಉಳಿಯುತ್ತದೆ. ಬಸಿಯುವಾಗ ಒಂದಿಷ್ಟು ಬಿ ವಿಟಮಿನ್ ಹೋಗುತ್ತದೆ, ಒಪ್ಪುತ್ತೇನೆ. ಆದರೆ ದೇಗಂಗಾದಂಥ ಕಡೆಯ ಅಕ್ಕಿಗೆ ನಾನು ಬಸಿಯುವುದನ್ನೇ ಹೇಳುವೆ, ಬಸಿದ ಆ ಗಂಜಿ ತಿಳಿಯನ್ನು ಮಕ್ಕಳಿಗೆ ಕುಡಿಸಬೇಡಿ ಎಂದೂ ಹೇಳುವೆ.

ಮುಂದಿನ ಸಲ ತೌಡಿನ ಬಗ್ಗೆ ಬರೆಯುವಾಗ ಇಷ್ಟನ್ನೂ ದಯವಿಟ್ಟು ಸೇರಿಸಿ.

– ಓರ್ವ ಓದುಗಿ, ಕುಂದಾಪುರ