ಮಗಳಿಗೊಂದು ಪತ್ರ: ಮೊದಲು ಎಂಜಿನ್ನನ್ನು ಬೋರಲು ಹಾಕು

ಪುಟ್ಟೀ,

ನೀನು ಕೊಳ್ಳಬೇಕೆಂದಿರುವ, ಯಾರೋ ಬಳಸಿದ ಮಾದರಿ ರೈಲು ಎಂಜಿನ್ನಿನ ನಾಲ್ಕು ಫೋಟೊಗಳೂ ಸಿಕ್ಕವು. ಎಂಜಿನ್ ಚೆಂದವಾಗಿದೆ, ಹಸಿರು ಬಣ್ಣ ಫಳಫಳ ಅನ್ನುತ್ತಿದೆ. ಆದರೆ ನಾಲ್ಕೂ ಮೇಲಿಂದ, ಪಕ್ಕದಿಂದ ತೆಗೆದವು. ಮಾರುವವರು ತೆಗೆಯುವುದೇ ಹಾಗೆ. ಬೋರಲು ಹಾಕಿ ತೆಗೆದ ಒಂದು ಫೋಟೊ ಕೇಳು, ದುಡ್ಡಿನ ಮಾತು ಆಮೇಲೆ.

ಅದಕ್ಕೂ ಮೊದಲು ಅಳತೆಯ ವಿಷಯ. ಎರಡು ಕಂಬಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಅಂತರದ ಹಳಿ ಇದೆ, ಯಾವುದು ತಂದರೂ ಓಡುತ್ತದೆ ಅಂತ ಬರೆದಿದ್ದೀಯ. ಅರ್ಧ ನಿಜ. ಮಾದರಿಗಳಲ್ಲಿ ಎಚ್‌ಒ ಅನ್ನುವ ಅಳತೆ ಅಂದರೆ 1:87, ನಿಜ ಎಂಜಿನ್ನಿನ 87ರಲ್ಲಿ ಒಂದು ಪಾಲು; ಬ್ರಿಟನ್ನಿನ ಒಒ ಅಂದರೆ 1:76. ಹಳಿ ಮಾತ್ರ ಎರಡಕ್ಕೂ 16.5 ಮಿ.ಮೀ. ಬ್ರಿಟನ್ನಿನ ನಿಜ ಎಂಜಿನ್ನುಗಳು ಮೈಕಟ್ಟಿನಲ್ಲಿ ಚಿಕ್ಕವು. ಒಒ ಶುರುವಾದ ಕಾಲದ ಮೋಟಾರು 1:87ರ ಮಾದರಿಯೊಳಗೆ ಹಿಡಿಸದ ಕಾರಣ ಹಳಿಯನ್ನು ಹಾಗೇ ಬಿಟ್ಟು ಮೈಯನ್ನಷ್ಟೇ ದೊಡ್ಡದು ಮಾಡಿದರು. ಲೆಕ್ಕದ ಪ್ರಕಾರ ಒಒ ಹಳಿ 18.83 ಮಿ.ಮೀ. ಇರಬೇಕಿತ್ತು. ಎದುರಿನಿಂದ ನೋಡಿದರೆ ಒಒ ಎಂಜಿನ್ನು ಕಾಲು ಕೂಡಿಸಿ ನಿಂತ ಹಾಗೆ ಕಾಣುವುದು ಇದಕ್ಕೇ. ಮರ್ಕ್ಲಿನ್ ಕಂಪನಿಯ ಮೂರು ಹಳಿ ಪದ್ಧತಿಯ ಎಚ್‌ಒ ಎಂಜಿನ್ನುಗಳಂತೂ ಬೇರೆಯೇ ಜಾತಿ. ಹಳಿಗಳ ನಡುವಿನ ಮೊಳೆಯಂಥ ಲೋಹದ ಗುಬ್ಬಿಗಳಿಂದ ಅವು ವಿದ್ಯುತ್ ಪಡೆಯುತ್ತವೆ, ಎಡಬಲದ ಗಾಲಿಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ. ನಿನ್ನ ಎರಡು ಹಳಿಯ 12 ವೋಲ್ಟ್ ಲೈನಿನ ಮೇಲೆ ಇಟ್ಟ ಕ್ಷಣವೇ ಶಾರ್ಟ್ ಆಗುತ್ತದೆ. ನೀನು ಕಣ್ಣು ಹಾಕಿರುವ 4-6-2ರಂಥ (ಮುಂದೆ ನಾಲ್ಕು ಪುಟ್ಟ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು) ಉದ್ದದ ಒಒ ಎಂಜಿನ್ನಿಗೆ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 438 ಮಿ.ಮೀ. ಆದರೂ ಬೇಕು. 371ರ ತಿರುವಿನಲ್ಲಿ ಮುಂದಿನ ಪುಟ್ಟ ಗಾಲಿಗಳು ಸಿಲಿಂಡರಿಗೆ ತಾಗಿ ಹಳಿ ತಪ್ಪುತ್ತವೆ.

ಈಗ ಬೋರಲು ಹಾಕಿದ ಎಂಜಿನ್ನು. ಗಾಲಿಯ ಅಂಚಿನ ಬೆಳ್ಳಿಬಣ್ಣದ ಲೇಪ ಸವೆದು ಹಿತ್ತಾಳೆ ಕಾಣುತ್ತಿದೆಯಾ? ಹಾಗಿದ್ದರೆ ಅದು ಬಹಳ ಓಡಿದ್ದು. ಓಡಿದ್ದು ತಪ್ಪಲ್ಲ, ‘ಪೆಟ್ಟಿಗೆಯಿಂದ ತೆಗೆದೇ ಇಲ್ಲ’ ಅಂತ ಹೇಳಿ ಮಾರಿದರೆ ತಪ್ಪು. ಗಾಲಿಯ ಹಿಂಬದಿಗೆ ಒರಗುವ ತೆಳು ಲೋಹದ ಪಟ್ಟಿಗಳನ್ನು ನೋಡು, ವಿದ್ಯುತ್ತು ಒಳಗೆ ಹೋಗುವುದು ಅವುಗಳಿಂದಲೇ. ಒಂದು ಬಾಗಿದ್ದರೂ ಎಂಜಿನ್ನು ಪಾಯಿಂಟುಗಳ ಮೇಲೆ, ಅಂದರೆ ಹಳಿ ಕವಲೊಡೆಯುವ ಕಡೆ, ತಡವರಿಸುತ್ತದೆ. ಇದು ಚಿಮುಟದಿಂದ ಸರಿಮಾಡಬಹುದಾದ ದೋಷ, ಹೆದರಬೇಡ.

ಹೆದರಬೇಕಾದದ್ದು ಒಂದೇ, ಸತುವಿನ ಕೊಳೆರೋಗ. ಎಂಜಿನ್ನಿನ ಅಡಿಕಟ್ಟು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಲೋಹ ವರ್ಷಗಳ ಮೇಲೆ ಒಳಗಿಂದಲೇ ಬಿರಿಯುತ್ತದೆ, ತೇವವಿದ್ದರೆ ಇನ್ನೂ ಬೇಗ. ಮೊದಲು ಮೈ ಉಬ್ಬುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಕೂದಲೆಳೆಯ ಬಿರುಕು ಕಾಣುತ್ತದೆ. ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿ. ಅಡಿಕಟ್ಟಿನ ಉದ್ದಕ್ಕೂ ಸ್ಟೀಲ್ ಸ್ಕೇಲು ಇಟ್ಟು ನೋಡು, ಬಾಳೆಹಣ್ಣಿನ ಹಾಗೆ ಬಾಗಿದ್ದರೆ ನಮಸ್ಕಾರ ಹೇಳಿ ಎದ್ದು ಬಾ. ಅಂಟು ಹಾಕಿದರೂ ನಿಲ್ಲುವುದಿಲ್ಲ, ಮದ್ದಿಲ್ಲದ ರೋಗ ಅದು. ಹಳೆಯ ಮಾದರಿಗಳಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡ, ಈಚಿನವಕ್ಕೂ ಬಂದಿದೆ.

ಗಾಲಿಯನ್ನು ಬೆರಳಿನಿಂದ ತಿರುಗಿಸಲು ಹೋಗಬೇಡ. ಮೋಟಾರಿನ ತಿರುಪು ಗೇರು ಗಾಲಿಯಿಂದ ಹಿಮ್ಮುಖವಾಗಿ ತಿರುಗುವುದಿಲ್ಲ, ಬಲ ಹಾಕಿದರೆ ಹಲ್ಲು ಮುರಿಯುತ್ತದೆ. ನೇರ ಹಳಿಯ ಮೇಲಿಟ್ಟು ಕಂಟ್ರೋಲರನ್ನು ಆದಷ್ಟು ಕಡಿಮೆಯಲ್ಲಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳು. ಗಾಲಿ ಒಂದು ಸುತ್ತು ಬರುವಾಗ ಒಂದೇ ಸಲ ‘ಟಿಕ್’ ಅಂದರೆ ಗಾಲಿಗಳನ್ನು ಜೋಡಿಸುವ ಅಚ್ಚಿನ (ಆಕ್ಸಲ್) ಮೇಲಿನ ಪ್ಲಾಸ್ಟಿಕ್ ಗೇರು ಸೀಳಿದೆ. ಪ್ಲಾಸ್ಟಿಕ್ಕು ಕುಗ್ಗಿ ಉಕ್ಕಿನ ಅಚ್ಚಿನ ಮೇಲೆ ಬಿರುಕು ಬಿಟ್ಟಿರುತ್ತದೆ. ಬದಲಿ ಗೇರು ಸಿಗುವ ಮಾದರಿಯಾದರೆ ಕೊಳ್ಳಬಹುದು. ಶಬ್ದವಿಲ್ಲದೆ ಕುಂಟಿದರೆ ಗಾಲಿಗಳ ಕೋನ ತಪ್ಪಿದೆ. ದೊಡ್ಡ ಗಾಲಿಯ ಮೈಮೇಲೆ ರಾಡು ಸಿಕ್ಕಿಸುವ ಪುಟ್ಟ ಗೂಟ ಇರುತ್ತದಲ್ಲ, ಅದೇ ಕ್ರ್ಯಾಂಕ್‌ಪಿನ್ನು; ಎಡಗಡೆಯದಕ್ಕೂ ಬಲಗಡೆಯದಕ್ಕೂ 90 ಡಿಗ್ರಿ ಅಂತರವಿರಬೇಕು, ಎಲ್ಲ ಅಚ್ಚುಗಳಲ್ಲೂ ಅದೇ ಅಂತರ. ಒಂದು ಅಚ್ಚಿನಲ್ಲಿ ಜಾರಿದರೂ ಗಾಲಿಗಳನ್ನು ಕೂಡಿಸುವ ಕಪ್ಲಿಂಗ್ ರಾಡ್ ಬಿಗಿಯುತ್ತದೆ. ಐದು ನಿಮಿಷ ಓಡಿಸಿ ಮೈ ಮುಟ್ಟಿ ನೋಡು. ಹಳೆಯ ಮೋಟಾರು ಕೈ ಸುಡುವಷ್ಟು ಕಾದರೆ, ವೇಗವೂ ಇಲ್ಲದಿದ್ದರೆ, ಅಯಸ್ಕಾಂತದ ಶಕ್ತಿ ಕುಂದಿರಬಹುದು. ಅಂಥ ಮೋಟಾರನ್ನು ಬಿಚ್ಚುವಾಗ ಅಯಸ್ಕಾಂತದ ಎರಡು ತುದಿಗೆ ಕಬ್ಬಿಣದ ತುಂಡು ಅಡ್ಡ ಕೊಡದೆ ಒಳಗೆ ತಿರುಗುವ ತಂತಿಸುತ್ತಿನ ಭಾಗ, ಆರ್ಮೇಚರ್, ಹೊರಗೆ ತೆಗೆದರೆ ಇನ್ನಷ್ಟು ಕುಂದುತ್ತದೆ.

ಎಣ್ಣೆಯ ವಿಷಯದಲ್ಲಿ ಜಿಪುಣಿಯಾಗು. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಸಾಕು: ಅಚ್ಚಿನ ಎರಡು ಕೊನೆ, ಕ್ರ್ಯಾಂಕ್‌ಪಿನ್ನು, ಪಿಸ್ಟನ್ ರಾಡ್ ಜಾರುವ ಕಂಬಿ. ಗೇರಿಗೆ ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸು. ಹೆಚ್ಚಾದ ಎಣ್ಣೆ ಹರಿದು ಮೋಟಾರಿನ ಕಮ್ಯುಟೇಟರ್ (ಇಂಗಾಲದ ಬ್ರಷ್ಷು ಉಜ್ಜುವ ತಾಮ್ರದ ಭಾಗ) ಸೇರಿದರೆ ಇಂಗಾಲದ ಪುಡಿಯ ಜೊತೆ ಕಲೆತು ಕಪ್ಪು ಕೆಸರಾಗುತ್ತದೆ. ಗಾಲಿ ಒರೆಸುವುದಕ್ಕೆ ಹಳಿಯ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಟಿಶ್ಯು ಅಡ್ಡ ಹಾಸಿ, ಎಂಜಿನ್ನಿನ ಅರ್ಧ ಅದರ ಮೇಲೆ, ಅರ್ಧ ಬರಿ ಹಳಿಯ ಮೇಲೆ ಇಟ್ಟು ಕೈಯಲ್ಲಿ ಹಿಡಿದು ಓಡಿಸು. ಆಮೇಲೆ ತಿರುಗಿಸಿ ಇನ್ನರ್ಧ.

ಪೆಟ್ಟಿಗೆ ಇದ್ದರೆ ಬೆಲೆ ಹೆಚ್ಚು, ಒಪ್ಪುತ್ತೇನೆ. ಕೆಲವರು ಪೆಟ್ಟಿಗೆಯನ್ನೇ ಸಂಗ್ರಹಿಸುತ್ತಾರೇನೋ ಅನ್ನಿಸುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಎಂಜಿನ್ನಿಗೂ ತಾಳೆ ಇದೆಯಾ, ಟೆಂಡರ್ (ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಅದೇ ಎಂಜಿನ್ನಿನದಾ ಅಂತ ಮಾತ್ರ ನೋಡಿಕೋ. ಹಳೆಯ ಸ್ಪಂಜು ಒಳಗಿದ್ದರೆ ತೆಗೆದುಬಿಡು, ಅದು ಕಾಲಾಂತರದಲ್ಲಿ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಆಮ್ಲವಿಲ್ಲದ ಟಿಶ್ಯು ಕಾಗದ ಸುತ್ತಿ, ಬಿಸಿಲು ಬೀಳದ ಕಡೆ ಇಡು.

ನಿಜವಾದ ಉಗಿಯಲ್ಲಿ ಓಡುವುದು ಯಾವಾಗ ಅಂತ ಕೇಳಿದ್ದೆಯಲ್ಲ. ಅದು ಬೇರೆ ಹಳಿ, 32 ಅಥವಾ 45 ಮಿ.ಮೀ., ಅಂಗಳದಲ್ಲಿ. ಗ್ಯಾಸಿನಿಂದ ನೀರು ಕಾಯಿಸುವ ಎಂಜಿನ್ನಿಗೆ ಕ್ರಮ ಹೀಗೆ: ಮೊದಲು ಲೂಬ್ರಿಕೇಟರಿನಲ್ಲಿ (ಎಣ್ಣೆಯ ಪುಟ್ಟ ಡಬ್ಬಿ) ಉಳಿದ ನೀರು ತೆಗೆದು ಉಗಿಗೆಂದೇ ಇರುವ ಎಣ್ಣೆ, ಸ್ಟೀಮ್ ಆಯಿಲ್, ಆಮೇಲೆ ಬಾಯ್ಲರಿಗೆ ಬಟ್ಟಿ ಇಳಿಸಿದ ನೀರು, ಕೊನೆಗೆ ಬ್ಯುಟೇನ್. ಗ್ಯಾಸ್ ತುಂಬುವಾಗ ಸ್ವಲ್ಪ ಹೊರಗೆ ಚಿಮ್ಮಿಯೇ ಚಿಮ್ಮುತ್ತದೆ, ಸುತ್ತಮುತ್ತ ಯಾವ ಬೆಂಕಿಯೂ ಇರಬಾರದು. ಸಾಮಾನ್ಯವಾಗಿ ನೀರು ತೀರುವ ಮೊದಲೇ ಗ್ಯಾಸ್ ತೀರುವಂತೆ ಅಳತೆ ಇಟ್ಟಿರುತ್ತಾರೆ; ನೀರು ಹಾಕದೆ ಗ್ಯಾಸನ್ನಷ್ಟೇ ಮತ್ತೆ ತುಂಬಿದರೆ ಬಾಯ್ಲರ್ ಒಣಗಿ ಬೆಸುಗೆ ಹೋಗುತ್ತದೆ. ನಲ್ಲಿ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಸಾಮಾನ್ಯ ಎಂಜಿನ್ ಆಯಿಲ್ ಕೂಡ ಬೇಡ, ಒದ್ದೆ ಉಗಿ ಅದನ್ನು ತೊಳೆದುಬಿಡುತ್ತದೆ. ಹೊರಡುವಾಗ ತಣ್ಣನೆಯ ಸಿಲಿಂಡರಿನಲ್ಲಿ ಉಗಿ ನೀರಾಗಿ ನಿಂತು ಪಿಸ್ಟನ್ನನ್ನು ತಡೆಯುತ್ತದೆ. ಕೈಯಿಂದ ಮೆಲ್ಲನೆ ಹಿಂದೆ ಮುಂದೆ ತಳ್ಳು, ಚಿಮಣಿಯಿಂದ ಬಿಸಿನೀರು ಉಗುಳುತ್ತದೆ, ಮುಖ ದೂರವಿರಲಿ. ಸೇಫ್ಟಿ ವಾಲ್ವನ್ನು ಯಾವ ಕಾರಣಕ್ಕೂ ಬಿಗಿಮಾಡಬೇಡ.

ಬಳಸಿದ ಉಗಿ ಎಂಜಿನ್ನಾದರೆ ಬಾಯ್ಲರ್ ಪರೀಕ್ಷೆಯ ಪತ್ರ ಕೇಳು. ಹೊಸದಕ್ಕೆ ಕೆಲಸದ ಒತ್ತಡದ ಎರಡು ಪಟ್ಟು, ಆಮೇಲಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು ನೀರೊತ್ತಿ ನೋಡುವುದು ರೂಢಿ. ಗಾಳಿಯಲ್ಲಲ್ಲ, ನೀರಿನಲ್ಲೇ: ಒತ್ತಿದರೂ ನೀರು ಕುಗ್ಗುವುದಿಲ್ಲ, ಬಾಯ್ಲರ್ ಬಿರಿದರೂ ಸಿಡಿಯದೆ ಸೋರುತ್ತದೆ ಅಷ್ಟೆ.

ಅಡಿಯ ಫೋಟೊ ಬಂದರೆ ನನಗೂ ಕಳಿಸು. ಎರಡು ಬದಿಯ ಕ್ರ್ಯಾಂಕ್‌ಪಿನ್ನುಗಳೂ ಅದರಲ್ಲಿ ಕಾಣಲಿ.

ನಿನ್ನ,
ಅಮ್ಮ